ಮೊದಲ ತುತ್ತು

ಈಗ ನಮ್ಮ ಕಡೆ ಅಣಬೆ ಬಿಟ್ಟರೆ ತಿನ್ನುವಂಥದ್ದು ಏನೂ ಬೆಳೆಯುವುದಿಲ್ಲ. ಅದನ್ನೂ ನಂಬುವಂತಿಲ್ಲ, ಒಂದು ವರ್ಷ ಹೊಟ್ಟೆ ತುಂಬಿಸಿದ ಅಣಬೆಯೇ ಮರುವರ್ಷ ವಿಷವಾಗಿರಬಹುದು. ಹಾಗಾಗಿ ದಸರೆ ಕಳೆದು ಪಾರ್ಕಿನ ಹೊಂಗೆ ಮರದಡಿ ಹೊಸ ಅಣಬೆ ಕಂಡರೆ ಬೀದಿಯಲ್ಲೊಬ್ಬರು ಮೊದಲ ತುತ್ತು ತಿನ್ನಬೇಕು. ನಾಲಿಗೆ ಜೋಮು ಹಿಡಿದರೆ ಅವರು ಸಂಜೆಯೊಳಗೆ ಹೋದ ಹಾಗೆ. ಸಾರನ್ನು ಚರಂಡಿಗೆ ಸುರಿದು ಉಳಿದವರು ಉಪವಾಸ ಮಲಗುತ್ತೇವೆ.

ಹೋದ ವರ್ಷ ಸರದಿ ಕೆಂಪರಾಜುವಿನದು. ಬೆನ್ನುನೋವೆಂದು ಹೊದ್ದು ಮಲಗಿದ, ನಾಚಿಕೆಗೆಟ್ಟವನು. ಅವನ ಬದಲು ತಿಂದು ಸತ್ತದ್ದು ದೇವೀರಮ್ಮನ ಗಂಡ.

ಇವತ್ತಿನ ಸರದಿ ದೇವೀರಮ್ಮನದು. ಜಗಲಿಯ ಮೇಲೆ ಕೂತು, ಸಾರಿನಿಂದ ಒಂದು ಹೋಳು ತೆಗೆದು ಅಗಿದು ನುಂಗಿದಳು. ನಾವೆಲ್ಲ ಪಾತ್ರೆ ಹಿಡಿದು ಅವಳ ಬಾಯನ್ನೇ ನೋಡುತ್ತ ನಿಂತೆವು. ಮಗಳನ್ನು ಎತ್ತಿಕೊಂಡ ಕೆಂಪರಾಜು ಎಲ್ಲರಿಗಿಂತ ಮುಂದಿದ್ದ.

“ಜೋಮು ಗೀಮು ಹಿಡೀತಾ ಅಕ್ಕಾ?”

“ಇಲ್ಲ ಕಣಪ್ಪ. ಉಪ್ಪು ಒಸಿ ಕಮ್ಮಿ, ಅಷ್ಟೇ,” ಎಂದಳು, ಒಂದೊಂದೇ ಮಾತು ಬಿಡಿಸಿ. “ಮೊದ್ಲು ನೀನು ಉಣ್ಣು. ಮಗೀಗೆ ಆಮೇಲೆ ಇಕ್ತೀನಿ.”

ಅವಳು ಬಡಿಸಿದ್ದನ್ನು ಅವನು ನಿಂತಲ್ಲೇ ಗಟಗಟ ಕುಡಿದ. ನಾವೂ ಪಾತ್ರೆ ಚಾಚಿದೆವು. ದೇವೀರಮ್ಮ ಮಡಕೆಯನ್ನೆತ್ತಿ ಉಳಿದ ಸಾರನ್ನೆಲ್ಲ ಚರಂಡಿಗೆ ಸುರಿದಳು.