ಎರಡು ನಿಮಿಷದ ಸುತ್ತು

ಸ್ಟೀರಿಂಗಿನ ಮೇಲೆ ಮತ್ತೆ ಅರಿಷಿಣ. ಎಡಕ್ಕೊಂದು ಗುರುತು, ಬಲಕ್ಕೊಂದು. ಕೆಳಗೆ ಹಸಿರು ಬಳೆಯ ಚೂರು. ತುಕಾರಾಮ ಕಾರಿನ ಬಾಗಿಲು ಹಿಡಿದುಕೊಂಡೇ ನಿಂತ. ಒಂದು ಲಿಂಬೆಹಣ್ಣು ಸಿಕ್ಕಿದ್ದರೆ ಮಾಟದ ಸಾಮಾನು ಪೂರ್ತಿಯಾಗುತ್ತಿತ್ತು.

ಮಾಡಿಸಿದವ ಕರೆಪ್ಪನೇ, ಸಂಶಯವಿಲ್ಲ. ಬನಹಟ್ಟಿಯ ಆ ಓಣಿಯಲ್ಲಿ ವಿದ್ಯುತ್ ಮಗ್ಗ ರಿಪೇರಿ ಮಾಡುವವರು ಇಬ್ಬರೇ, ಒಬ್ಬ ತುಕಾರಾಮ, ಇನ್ನೊಬ್ಬ ಕರೆಪ್ಪ. ಎಂಜಿನ್ನು ಬೆನ್ನ ಹಿಂದಿರುವ ಗಾಡಿ ಕೊಂಡವನ ಬುದ್ಧಿಯೂ ಅಲ್ಲೇ ಇರುತ್ತದೆ ಎಂದು ಚಹಾದಂಗಡಿಯಲ್ಲಿ ಮೊದಲು ಹೇಳಿದವನೂ ಕರೆಪ್ಪನೇ. ಆ ಮಾತಿಗೆ ಎಲ್ಲರಿಗಿಂತ ಜೋರಾಗಿ ನಕ್ಕವನು ತುಕಾರಾಮ. ಮಾತು ಖರೆ ಇತ್ತು, ಏನು ಮಾಡುವುದು?

ಎಂಬತ್ತನೆಯ ಇಸವಿಯಲ್ಲಿ ಒಂದು ಎಕರೆ ಹೊಲ ಮಾರಿ, ಮುಂಬಯಿಯ ಹರಾಜಿನಿಂದ ತಂದ ಇಟಲಿಯ ಕಾರು ಅದು. ಇಬ್ಬರಿಗಷ್ಟೇ ಜಾಗ. ಎಂಜಿನ್ನು ಸೀಟಿಗೂ ಹಿಂದಿನ ಗಾಲಿಗೂ ನಡುವೆ. ಓಣಿಯೊಳಗೆ ಹಿಡಿಸದ್ದಕ್ಕೆ ಚಿಮ್ಮಡದ ದಾರಿಯ ಮಡ್ಡಿಯ ಕಲ್ಲುಬಯಲಲ್ಲಿ, ತನ್ನ ಬಾವಿಯ ಮಗ್ಗುಲಲ್ಲಿ ತಗಡಿನ ಶೆಡ್ಡು ಹಾಕಿಸಿದ. ಮಡ್ಡಿಯ ಮೇಲೆ ಸುಣ್ಣದಿಂದ ಓಟದ ಸುತ್ತು ಎಳೆದ. ಎರಡು ನಿಮಿಷದೊಳಗೆ ಒಂದು ಸುತ್ತು ಮುಗಿದರೆ ಮದ್ರಾಸಿನ ರೇಸಿಗೆ ಹೋಗಬಹುದು ಎಂದು ಜಮಖಂಡಿಯ ಬಾಳಾಸಾಹೇಬರು ಲೆಕ್ಕ ಹೇಳಿದ್ದರು. ಅವರು ಗ್ಯಾರೇಜಿನವರು, ಪ್ರಾಯದಲ್ಲಿ ಮದ್ರಾಸಿನಲ್ಲಿ ಕಾರು ಓಡಿಸಿ ಗೆದ್ದವರು.

ಮೂರು ವರ್ಷವಾಯಿತು. ತುಕಾರಾಮನ ಸುತ್ತು ಎರಡು ನಿಮಿಷ ಇಪ್ಪತ್ತು ಸೆಕೆಂಡಿನ ಕೆಳಗೆ ಇಳಿಯಲಿಲ್ಲ. ಒಮ್ಮೆ ಹದಿನೈದಕ್ಕೆ ಬಂದಿತ್ತು, ಆದರೆ ಅವತ್ತು ಹೊರಡುವಾಗ ಗಡಿಯಾರ ಒತ್ತಲು ತಡವಾಗಿತ್ತು.

ಮೊದಲ ವರ್ಷ ಹೆಂಡತಿ ರತ್ನಾಬಾಯಿ ಪಕ್ಕದಲ್ಲಿ ಕೂತು ಗಡಿಯಾರ ಹಿಡಿಯುತ್ತಿದ್ದಳು. ಅವನು ಗೇರಿನ ಬಗ್ಗೆ, ಬ್ರೇಕಿನ ಬಗ್ಗೆ ಬಾಯಿತುಂಬ ಪಾಠ ಹೇಳುತ್ತಿದ್ದ. ಒಂದು ದಿನ ಅವಳು ತಿರುಗಿ ಅವನಿಗೇ ಹೇಳಿದಳು: “ತುಂಬಿದ ಕೊಡ ಸೊಂಟದ ಮ್ಯಾಲಿದ್ದಾಗ ಮೂಲಿಗೆ ಬಂದು ಗಕ್ಕನ ನಿಂತರ ತುಳುಕತೈತ್ರಿ. ತಡಿಯದ ತಿರಗಬೇಕು.”

ಕಾರಿಗೂ ಕೊಡಕ್ಕೂ ಎಲ್ಲಿಯ ಸಂಬಂಧ ಎಂದು ತುಕಾರಾಮ ನಕ್ಕುಬಿಟ್ಟ. ಮರುದಿನದಿಂದ ಅವಳು ಕಾರು ಹತ್ತಲಿಲ್ಲ. ಹೆದರಿದ್ದಾಳೆ ಎಂದು ಊರಿಗೆಲ್ಲ ಸಾರಿದ. ಅವಳು ತನ್ನ ಪಾಡಿಗೆ ನಸುಕಿನಲ್ಲೆದ್ದು, ಮಿಂದು, ದೇವರ ಜಗಲಿಗೆ ದೀಪ ಹಚ್ಚಿ, ಕೊಡ ತೆಗೆದುಕೊಂಡು ಮಡ್ಡಿಯ ಬಾವಿಗೆ ಹೋಗುತ್ತಿದ್ದಳು. ಓಣಿಗೆ ನಳ ಬಂದು ವರ್ಷವಾಗಿತ್ತು. ಅಷ್ಟು ದೂರ ಯಾಕೆ ಎಂದರೆ ನಳದ ನೀರಿನಲ್ಲಿ ಬೇಳೆ ಬೇಯುವುದಿಲ್ಲ ಎನ್ನುತ್ತಿದ್ದಳು. ಅವಳು ಮಾಡಿದ ಬೇಳೆಯೇನೋ ಬೆಣ್ಣೆಯಂತಿರುತ್ತಿತ್ತು, ಹಾಗಾಗಿ ಅವನು ಹೆಚ್ಚು ಕೇಳಲಿಲ್ಲ.

ಅರಿಷಿಣ ಕಂಡ ಆ ರವಿವಾರವೇ ಬಾಳಾಸಾಹೇಬರು ಕೊನೆಯ ಪರೀಕ್ಷೆಗೆ ಬಂದರು. ಎರಡು ನಿಮಿಷದೊಳಗೆ ಬಂದರೆ ಕಾರು ಇಟ್ಟುಕೊಳ್ಳುವುದು, ಇಲ್ಲವಾದರೆ ಅವರಿಗೇ ಮಾರಿಬಿಡುವುದು ಎಂದು ಮಾತಾಗಿತ್ತು. ತುಕಾರಾಮ ಕುಲದೇವರನ್ನು ನೆನೆದು ಹೊರಟ. ಮೊದಲ ತಿರುವಿನಲ್ಲಿ ಬ್ರೇಕು ಒತ್ತಿದ, ಎರಡನೆಯದರಲ್ಲಿ ಇನ್ನೂ ಜೋರಾಗಿ ಒತ್ತಿದ, ಮೂರನೆಯದರಲ್ಲಿ ಕಣ್ಣನ್ನೇ ಮುಚ್ಚಿದ. ಎರಡು ನಿಮಿಷ ಇಪ್ಪತ್ತೆರಡು ಸೆಕೆಂಡು.

ಗಾಡಿಯ ಕಾಲ ಮುಗಿಯಿತು, ರೇಸಿಗೆ ಇದಕ್ಕಿನ್ನು ಬೆಲೆಯಿಲ್ಲ ಎಂದರು ಬಾಳಾಸಾಹೇಬರು. ತುಕಾರಾಮ ನಗಲು ನೋಡಿದ, ಬರಲಿಲ್ಲ. ಹೊಲ ಹೋದದ್ದಕ್ಕೆ ಅವನಿಗೆ ಇಷ್ಟು ಸಂಕಟವಾಗಿರಲಿಲ್ಲ.

ಅಷ್ಟರಲ್ಲಿ ಮಡ್ಡಿಯಲ್ಲಿ ಕುರಿ ಮೇಯಿಸುವ ಗಿರಮಲ್ಲಪ್ಪ ಬಡಿಗೆ ಊರಿಕೊಂಡು ಬಂದ.

“ಯಾಕ ತುಕಾರಾಮಣ್ಣ, ಗಾಡಿಗೆ ಇವತ್ತ ಮೈಯಾಗ ಆರಾಮ ಇಲ್ಲೇನು? ದಿನಾ ಮುಂಜಾನಿ ಇದರ ಹೊಡತಕ್ಕ ನನ್ನ ಕುರಿ ದಿಕ್ಕಾಪಾಲ ಆಗತಾವು.”

ಓಡಿಸುವವರು ಯಾರೆಂದು ಬಾಳಾಸಾಹೇಬರು ಕೇಳಿದರು. ಧೂಳಿನಲ್ಲಿ ಏನು ಕಾಣುತ್ತದೆ ಎಂದ ಗಿರಮಲ್ಲಪ್ಪ.

ತುಕಾರಾಮನ ತಲೆಗೆ ಥಟ್ಟನೆ ಹೊಳೆಯಿತು. ಕರೆಪ್ಪ! ಮಾಟ ಮಾಡಿಸಿದ್ದು ಸಾಲದೆ ಗಾಡಿಯನ್ನೂ ಓಡಿಸುತ್ತಿದ್ದಾನೆ. ಪೆಟ್ರೋಲು ಯಾಕೆ ಉಳಿಯುವುದಿಲ್ಲ ಎಂಬುದೂ ಈಗ ತಿಳಿಯಿತು. ಚಾವಿ ದೇವರ ಜಗಲಿಯ ಮೇಲೆ ಇರುತ್ತಿತ್ತು ನಿಜ, ಆದರೆ ಮಗ್ಗದ ಹಲ್ಲು ತಿದ್ದುವವನಿಗೆ ಕಳ್ಳಚಾವಿ ಮಾಡುವುದು ಯಾವ ಲೆಕ್ಕ?

ಬಾಳಾಸಾಹೇಬರು ಆ ರಾತ್ರಿ ತುಕಾರಾಮನ ಮನೆಯಲ್ಲೇ ವಸ್ತಿ ಮಾಡಿದರು. ಊಟಕ್ಕೆ ಬಡಿಸುತ್ತ ರತ್ನಾಬಾಯಿ ಒಂದೇ ಮಾತು ಆಡಿದಳು.

“ಮಾರಬ್ಯಾಡ್ರಿ. ಗಾಡಿಗೆ ಏನೂ ಆಗಿಲ್ಲ.”

ತನ್ನ ಮೇಲಿನ ಕರುಣೆ ಅದೆಂದು ತುಕಾರಾಮನ ಕಣ್ಣು ತುಂಬಿ ಬಂದವು. ಹೊಲ ಕಳೆದ ಗಂಡನನ್ನು ಒಂದು ದಿನವೂ ಜರೆಯದ ಹೆಂಗಸು. ಇಂಥವಳನ್ನು ಅಂಜುಬುರುಕಿ ಎಂದು ಊರಿಗೆಲ್ಲ ಸಾರಿದೆನಲ್ಲ ಎಂದು ನಾಚಿಕೊಂಡ.

ಬಾಳಾಸಾಹೇಬರನ್ನು ಜಮಖಂಡಿಯ ಮೊದಲ ಬಸ್ಸಿಗೆ ಕಳಿಸಿ ಬರುತ್ತೇನೆ ಎಂದು ತುಕಾರಾಮ ಮನೆಯಲ್ಲಿ ಹೇಳಿದ; ಮರುದಿನ ಎಲ್ಲರಿಗಿಂತ ಮೊದಲೆದ್ದು ಇಬ್ಬರೂ ಮಡ್ಡಿಗೆ ಹೋದರು. ಗಿರಮಲ್ಲಪ್ಪನ ಕುರಿಹಟ್ಟಿಯ ಮರೆಗೆ ಕೂತರು. ಕತ್ತಲಲ್ಲಿ ಬಾವಿಯ ಕಡೆ ಏನೂ ಕಾಣುತ್ತಿರಲಿಲ್ಲ. ಒಬ್ಬರ ಕೈಯಲ್ಲಿ ಗಡಿಯಾರ, ಇನ್ನೊಬ್ಬರ ಕೈಯಲ್ಲಿ ಬಡಿಗೆ.

ಬೆಳಕು ಹರಿಯುವ ಹೊತ್ತಿಗೆ ಶೆಡ್ಡಿನಿಂದ ಕಾರು ಹೊರಬಿತ್ತು. ಮೊದಲ ತಿರುವು, ಬ್ರೇಕಿಲ್ಲ. ಎರಡನೆಯದು, ಎಲ್ಲಿಯೂ ಗಕ್ಕನೆ ನಿಲ್ಲಲಿಲ್ಲ, ಎಲ್ಲಿಯೂ ಜಾರಲಿಲ್ಲ. ತುಕಾರಾಮ ಸಿಟ್ಟು ಮರೆತು ಬಾಯಿ ಬಿಟ್ಟು ನೋಡಿದ. ಮೂರು ವರ್ಷ ಕನಸಿನಲ್ಲಿ ಕಂಡದ್ದು ಇದೇ ಸುತ್ತು.

“ಒಂದು ನಿಮಿಷ ಐವತ್ತಾರು,” ಎಂದರು ಬಾಳಾಸಾಹೇಬರು. “ಗಾಡಿ ಇನ್ನೂ ಬೆಲಿ ಬಾಳತೈತಿ, ತುಕಾರಾಮ. ಓಡಸಾವರನ್ನ ಬದಲ ಮಾಡು.”

ಮೈಯೆಲ್ಲ ಉರಿದು ತುಕಾರಾಮ ಬಡಿಗೆ ಎತ್ತಿಕೊಂಡು ಓಡಿದ. ಕಾರು ಬಾವಿಯ ಹತ್ತಿರ ನಿಂತಿತ್ತು. ಕರೆಪ್ಪ ಹೊರಗೆ ಬರಲಿ, ಇವತ್ತು ಅವನ ಬೆನ್ನು ಇದೆ, ನನ್ನ ಬಡಿಗೆ ಇದೆ ಎಂದು ಬಾಗಿಲಿಗೆ ಅಡ್ಡ ನಿಂತ.

ಬಾಗಿಲು ತೆರೆಯಿತು; ಮೊದಲು ಹೊರಬಂದದ್ದು ಕಂಠದವರೆಗೆ ತುಂಬಿದ, ಒಂದು ಹನಿಯೂ ತುಳುಕದ ಹಿತ್ತಾಳೆಯ ಕೊಡ, ಅದನ್ನು ಹಿಡಿದ ಅರಿಷಿಣದ ಕೈಗಳ ಹಿಂದೆ ರತ್ನಾಬಾಯಿ.