ಅರ್ಧ ಗಂಟೆಯ ನಿಯಮ

ಗುಂಡು ಹಾರಿದ ಮೇಲೆ ಅರ್ಧ ಗಂಟೆ ಅಟ್ಟಣೆಯಿಂದ ಇಳಿಯಬಾರದು. ಏಟು ತಿಂದ ಜಿಂಕೆ ಹತ್ತಿರದ ಪೊದೆಯಲ್ಲೇ ಮಲಗಿ ಪ್ರಾಣ ಬಿಡುತ್ತದೆ. ಅವಸರಪಟ್ಟು ಬೆನ್ನಟ್ಟಿದರೆ ಓಡಿ ಕೈತಪ್ಪಿ ಹೋಗುತ್ತದೆ. ಚಂದ್ರಪ್ರಭಾ ಗಡಿಯಾರ ನೋಡಿಕೊಂಡಳು. ಬೆಳಿಗ್ಗೆ ಏಳು ಹನ್ನೆರಡು. ಜಿಂಕೆ ನೆಗೆದು ಮರೆಯಾಗಿತ್ತು, ಆದರೆ ಠಪ್ ಎಂದು ಗುಂಡು ತಾಗಿದ ಸದ್ದು ಅವಳ ಕಿವಿಗೆ ಸ್ಪಷ್ಟವಾಗಿ ಬಿದ್ದಿತ್ತು. ನಾಲ್ಕು ವರ್ಷ ಕಾದದ್ದು ಸಾರ್ಥಕವಾಯಿತು ಎಂದುಕೊಂಡಳು.

ಹೂಸ್ಟನ್ನಿನ ಆಸ್ಪತ್ರೆಯೊಂದರಲ್ಲಿ ಅರಿವಳಿಕೆ ಕೊಡುವ ಡಾಕ್ಟರು ಅವಳು. ಉಸಿರು ಎಣಿಸುತ್ತಾ ಕೂರುವುದು ಹೊಸದಲ್ಲ. ಆಸ್ಟಿನ್ನಿನಾಚೆ ಬೇಟೆಗೆಂದು ಲೀಸಿಗೆ ಹಿಡಿದ ಈ ಜಮೀನಿನಲ್ಲಿ, ಎಡಗೊಂಬು ಕೆಳಕ್ಕೆ ಬಾಗಿದ ಆ ಬಿಳಿಬಾಲದ ಗಂಡು ಜಿಂಕೆ ಮೊದಲು ಕಂಡಾಗ ಅದಕ್ಕೆ ಎರಡು ವರ್ಷ ತುಂಬಿತ್ತೋ ಇಲ್ಲವೋ. ಓರೆಕೊಂಬ ಎಂದು ಹೆಸರಿಟ್ಟಳು. ಬಲಿಯಲಿ ಎಂದು ಬಿಟ್ಟಳು. ಮರಮರಕ್ಕೆ ಕ್ಯಾಮೆರಾ ಕಟ್ಟಿ ಪ್ರತಿ ಚಳಿಗಾಲ ಅದರ ಕೊಂಬಿನ ಕವಲು ಎಣಿಸಿದಳು. ಬಲಿತ ಮೇಲೆ ಎರಡು ಸಲ ಗುರಿಗೆ ಸಿಕ್ಕೂ ತಪ್ಪಿಸಿಕೊಂಡಿತು. ಎರಡು ಸಲವೂ ಗಂಡನಿಂದಲೇ: ಒಮ್ಮೆ ಅವನಿಗೆ ಕೆಮ್ಮು ಬಂತು, ಇನ್ನೊಮ್ಮೆ ಅವನ ಜೇಬಿನಲ್ಲಿದ್ದ ಕೀಲಿ ಒತ್ತಿಹೋಗಿ ಕಾರಿನ ಅಲಾರಂ ಹೊಡೆದುಕೊಂಡಿತು.

ಗುರುದತ್ತ ಮೊಟ್ಟೆಯನ್ನೂ ಮುಟ್ಟದ ಮನುಷ್ಯ. ಹೆಂಡತಿ ಒಬ್ಬಳೇ ಹೋಗುವುದು ಬೇಡವೆಂದು ಬರುತ್ತಿದ್ದ. ಇನ್ನೂರು ಗಜದಾಚೆಯ ಅಟ್ಟಣೆಯಲ್ಲಿ ಪುಸ್ತಕ ಹಿಡಿದು, ಕಾಫಿ ಫ್ಲಾಸ್ಕಿನ ಬ್ಯಾಗು ಹೆಗಲಿಗೆ ಹಾಕಿಕೊಂಡೇ ಕೂರುತ್ತಿದ್ದ. ಇವತ್ತು ಹತ್ತುವ ಮುಂಚೆ ಅವಳು ಅವನಿಗೆ ಹೇಳಿದ್ದು ಒಂದೇ ಮಾತು.

"ಇವತ್ತು ಉಸಿರೆತ್ತಿದ್ರೆ ನೋಡಿ ಮತ್ತೆ."

ಏಳು ಹತ್ತೊಂಬತ್ತಕ್ಕೆ ಫೋನು ಅದುರಿತು. ಹಳ್ಳದ ಎರಡು ದಡದ ಕ್ಯಾಮೆರಾಗಳೂ ಒಂದೊಂದು ಫೋಟೊ ಕಳಿಸಿದ್ದವು. ಓರೆಕೊಂಬ ಹಳ್ಳ ದಾಟುತ್ತಿತ್ತು. ಒಂದರಲ್ಲಿ ಎಡಮೈ, ಇನ್ನೊಂದರಲ್ಲಿ ಬಲಮೈ. ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ನೋಡಿದಳು. ಒಂದು ಗೀರೂ ಇಲ್ಲ. ಹಾಗಾದರೆ ಠಪ್ ಎಂದು ತಾಗಿದ್ದು ಯಾವುದಕ್ಕೆ?

ಗುರುದತ್ತನಿಗೆ ಫೋನು ಮಾಡಿದಳು. ಎತ್ತಲಿಲ್ಲ. ಬೈನಾಕ್ಯುಲರ್ ಅವನ ಅಟ್ಟಣೆಯತ್ತ ತಿರುಗಿಸಿದಳು. ಕುರ್ಚಿ ಖಾಲಿಯಿತ್ತು. ಮನುಷ್ಯ ಅಡ್ಡ ಬಂದರೆ ದೂರದಿಂದಲೇ ಕಾಣಲಿ ಎಂದು ಅವಳೇ ಕೊಡಿಸಿದ್ದ ಕಿತ್ತಳೆ ಜಾಕೆಟ್ಟು ಕುರ್ಚಿಯ ಬೆನ್ನಿಗೆ ನೇತಾಡುತ್ತಿತ್ತು. ಸಾವಿರಾರು ಜನರನ್ನು ಮಲಗಿಸಿ ಎಬ್ಬಿಸಿದವಳಿಗೆ ತನ್ನ ಉಸಿರೇ ಹಿಡಿತಕ್ಕೆ ಬರಲಿಲ್ಲ. ಅರ್ಧ ಗಂಟೆಯ ನಿಯಮ ಮರೆತೇ ಹೋಯಿತು. ರೈಫಲ್ಲನ್ನು ಅಲ್ಲೇ ಬಿಟ್ಟು ಏಣಿ ಇಳಿದಳು.

ಜಿಂಕೆ ನಿಂತಿದ್ದ ಕಡೆ ರಕ್ತವಿರಲಿಲ್ಲ, ಉದುರಿದ ಕೂದಲೂ ಇರಲಿಲ್ಲ. ಜಿಂಕೆ ಬರಲಿ ಎಂದು ಅವಳೇ ಚೆಲ್ಲಿದ್ದ ಮುಸುಕಿನ ಜೋಳ ಮಾತ್ರ ಇತ್ತು. ಅದರ ಹಿಂದೆ ಸೀಡರ್ ಪೊದೆಗಳ ಏರು. ಗುಂಡು ತಪ್ಪಿದರೂ ಆ ಮಣ್ಣಿಗೆ ಹೋಗಿ ಹೂತುಕೊಳ್ಳುತ್ತದೆ, ಯಾರಿಗೂ ಅಪಾಯವಿಲ್ಲ ಎಂದು ಅಳೆದು ಸುರಿದು ಆರಿಸಿದ ಜಾಗ ಅದು. ಆ ಏರಿನಲ್ಲಿ ಬೂಟಿನ ಗುರುತು ಕಾಣಿಸಿತು. ನಾಲ್ಕು ವರ್ಷ ಓರೆಕೊಂಬನ ಹೆಜ್ಜೆ ಹಿಡಿದು ನಡೆದ ಕಣ್ಣಿಗೆ ಗಂಡನ ಹೆಜ್ಜೆ ಹಿಡಿಯುವುದು ಕಷ್ಟವಾಗಲಿಲ್ಲ. ಮುರಿದ ಕಡ್ಡಿ, ಮಗುಚಿದ ಕಲ್ಲು, ಆಮೇಲೆ ಎಲೆಗಳ ಮೇಲೆ ಕಂದು ಹನಿ. ಅವಳು ಬಗ್ಗಿದಳು. ಬೆರಳಲ್ಲಿ ಮುಟ್ಟಿ ಮೂಗಿಗೆ ಹಿಡಿದಳು. ಕಾಫಿ! ಫ್ಲಾಸ್ಕಿನ ಬ್ಯಾಗನ್ನು ಅವನು ಯಾವತ್ತೂ ಹೆಗಲಿನಿಂದ ಇಳಿಸಿದವನಲ್ಲ.

"ರೀ!" ಅವಳು ಕಿರುಚಿದಳು. "ರೀ, ಎಲ್ಲಿದ್ದೀರಿ?"

"ಇಲ್ಲಿ, ಚಂದ್ರಾ."

ಪೊದೆಯ ಹಿಂದೆ ಗುರುದತ್ತ ಮುದುರಿ ಕೂತಿದ್ದ. ತಲೆಯ ಮೇಲೆ, ನಿಂತರೆ ಸರಿಯಾಗಿ ಎದೆಯ ಮಟ್ಟಕ್ಕೆ ಬರುವ ಕೊಂಬೆಯಲ್ಲಿ ಬ್ಯಾಗು ತೂಗುತ್ತಿತ್ತು. ಅದರ ತೂತಿನಿಂದ ಕಾಫಿ ತೊಟ್ಟಿಕ್ಕುತ್ತಿತ್ತು. ಅವಳು ಅವನ ಎದೆ, ಹೊಟ್ಟೆ, ಕತ್ತು ಎಲ್ಲ ತಡಕಿದಳು.

"ನಂಗೇನೂ ಆಗಿಲ್ಲ, ಫ್ಲಾಸ್ಕಿಗೆ ಬಿತ್ತು" ಎಂದ. ಅವನ ಹಲ್ಲು ಕಟಕಟ ಎನ್ನುತ್ತಿತ್ತು.

"ಇಲ್ಲಿಗ್ಯಾಕೆ ಬಂದ್ರಿ? ಜಾಕೆಟ್ ಯಾಕೆ ಬಿಚ್ಚಿದ್ರಿ?"

"ಹಾಕ್ಕೊಂಡಿದ್ರೆ ನಿಂಗೆ ಕಾಣಿಸ್ತಿತ್ತು." ಅವನು ಮುಷ್ಟಿ ಬಿಡಿಸಿದ. ಒಳಗೆ ನಿಂಬೆಹಣ್ಣಿನ ಗಾತ್ರದ ಕಲ್ಲಿತ್ತು. "ಅದನ್ನ ಓಡ್ಸೋಣ ಅಂತ ಬಂದೆ. ಬ್ಯಾಗ್ ನೇತುಹಾಕಿ, ಕಲ್ಲು ಎತ್ಕೊಳ್ಳೋಕೆ ಬಗ್ಗಿದೆ. ಅದು ಬೆದರಿ ನೆಗೀತು. ಅಷ್ಟರಲ್ಲಿ ನೀನು..."

ಅವಳಿಗೆ ಒಂದೊಂದೇ ನೆನಪಾಯಿತು. "ಆ ಕೆಮ್ಮು? ಕಾರು ಹೊಡ್ಕೊಂಡಿದ್ದು?"

ಅವನು ತಲೆ ತಗ್ಗಿಸಿದ.

ಭಯವೆಲ್ಲ ಸಿಟ್ಟಾಗಿ ಉಕ್ಕಿತು. "ಕೊಲ್ಬೇಡ ಅಂತ ಬಾಯಿಬಿಟ್ಟು ಹೇಳಕ್ಕೆ ಏನಾಗಿತ್ತು ನಿಮಗೆ? ಗುಂಡಿನ ಎದುರು ಬರೋಕೆ ಧೈರ್ಯ ಇದೆ, ನನ್ನೆದುರು ಒಂದು ಮಾತಾಡೋಕೆ ಇಲ್ವಾ?"

ಗುರುದತ್ತ ಬ್ಯಾಗಿನ ತೂತನ್ನೇ ನೋಡುತ್ತಿದ್ದ. ತಮಾಷೆಗೆ ಹೇಳುವವನ ಮುಖವಾಗಿರಲಿಲ್ಲ ಅದು.

"ಗುಂಡು ಒಂದೇ ಸಲ ಹೊಡೆಯುತ್ತೆ, ಚಂದ್ರಾ."

ಅವನನ್ನು ಎಬ್ಬಿಸೋಣ ಎಂದು ಚಂದ್ರಪ್ರಭಾ ಕೈ ಚಾಚಿದಳು. ಗುರುದತ್ತ ಬೆಚ್ಚಿ ಹಿಂದಕ್ಕೆ ಸರಿದ.