ಗೆರೆ ಮೂಡದ ಫಿಲ್ಮು

ಫಿಲ್ಮಿನ ಮೇಲೆ ಒಂದು ಗೆರೆಯೂ ಮೂಡಿರಲಿಲ್ಲ. ಮೌನೇಶ್ವರಿ ಅದನ್ನು ಬೆಳಕಿಗೆ ಹಿಡಿದು ನೋಡುತ್ತಿರುವಾಗಲೇ ಅವಳ ಪಿಎಚ್‌ಡಿ ಗೈಡ್ ಬಸವಂತರಾಯರು ಹಿಂದೆ ಬಂದು ನಿಂತು, ಬಹಳ ಒಳ್ಳೆಯದಾಯಿತು ಎಂದರು. ಅದು ಗೋಗಿಯ ಹತ್ತಿ ಹೊಲಗಳಲ್ಲಿ ಕ್ರಿಮಿನಾಶಕ ಹೊಡೆಯುವ ಹೆಂಗಸರ ರಕ್ತದ ಪರೀಕ್ಷೆ. ಡಿಎನ್‌ಎ ತುಂಡಾದಾಗ ಜೀವಕೋಶ ಅದನ್ನು ಸರಿಮಾಡಿಕೊಳ್ಳಲು ಒಂದು ಪ್ರೋಟೀನನ್ನು ಎಬ್ಬಿಸುತ್ತದೆ. ಆ ಪ್ರೋಟೀನನ್ನು ಹುಡುಕಿ ಅಂಟಿಕೊಳ್ಳುವ ಪ್ರತಿಕಾಯವನ್ನು ಮೌನೇಶ್ವರಿ ತಿಂಗಳುಗಟ್ಟಲೆ ಕಾದು ತರಿಸಿದ್ದಳು. ಅದು ಅಂಟಿದರೆ ಫಿಲ್ಮಿನ ಮೇಲೆ ಕಪ್ಪು ಗೆರೆ. ಫಲಿತಾಂಶ ಬರುವತನಕ ಪಂಪು ಮುಟ್ಟುವುದಿಲ್ಲವೆಂದು ಹೆಂಗಸರು ಪಟ್ಟು ಹಿಡಿದು ಕೂತಿದ್ದರು.

ರಾಯರು ಅಲ್ಲೇ ನಿಂತು ಗೋಗಿಯ ಗೌಡರಿಗೆ ಫೋನು ಹಚ್ಚಿದರು. ಯಾರಿಗೂ ಏನೂ ಆಗಿಲ್ಲ, ಕೆಲಸ ಶುರು ಮಾಡಿಸಿ ಎಂದು ಹೇಳಿ ಇಟ್ಟೂ ಬಿಟ್ಟರು.

ಮೌನೇಶ್ವರಿಯ ಕಣ್ಣು ಫಿಲ್ಮಿನ ಕೊನೆಯ ಸಾಲಿನಲ್ಲಿ ನೆಟ್ಟಿತ್ತು. ಅಲ್ಲಿ ಅವಳು ತಾನೇ ಬೇಕೆಂದು ಡಿಎನ್‌ಎ ಮುರಿದಿದ್ದ ಜೀವಕೋಶಗಳನ್ನು ಹಾಕಿದ್ದಳು. ಬೇರೆಲ್ಲೂ ಬಾರದಿದ್ದರೂ ಅಲ್ಲಿ ಗೆರೆ ಬರಲೇಬೇಕು. ಬಂದಿರಲಿಲ್ಲ. ಪ್ರತಿಕಾಯ ಕೆಟ್ಟಿದೆ ಎಂದಳು. ಫ್ರೀಜರಿನಿಂದ ಯಾರಾದರೂ ಹೊರಗೆ ತೆಗೆದಿದ್ದರೇ ಎಂದು ಕೇಳಿದಳು.

ರಾಯರು ಮುಚ್ಚಿಡಲೂ ಹೋಗಲಿಲ್ಲ. ಶನಿವಾರ ಕ್ರಿಮಿನಾಶಕ ಕಂಪನಿಯವರು ಬಂದಿದ್ದರು. ಈ ಅಧ್ಯಯನಕ್ಕೆ ದುಡ್ಡು ಕೊಟ್ಟವರೇ ಅವರು. ಅವರಿಗೆಂದು ತಂದ ಜ್ಯೂಸಿನ ಬಾಟಲಿಗಳಿಗೆ ಜಾಗ ಮಾಡಲು ರಾಯರೇ ಫ್ರೀಜರಿನ ಸಣ್ಣಪುಟ್ಟ ಟ್ಯೂಬುಗಳನ್ನು ಕಿಟಕಿಯ ಮೇಲಿಟ್ಟಿದ್ದರು. ಅಲ್ಲೇ ಮರೆತು, ಸೋಮವಾರ ನೆನಪಾದಾಗ ವಾಪಸು ಒಳಗಿಟ್ಟಿದ್ದರು. ಬೆರಳುದ್ದವೂ ಇಲ್ಲದ ಟ್ಯೂಬಿಗೆ ಬಿಸಿಲು ತಾಗಿದರೆ ಏನಾಗುತ್ತದೆ ಎಂದು ಅವಳನ್ನೇ ಕೇಳಿದರು.

ಅಂಗಾಲಿನ ಉರಿ ನೆತ್ತಿಗೇರಿತು ಅವಳಿಗೆ. “ಕಾವಲು ನಾಯಿನ್ನ ನೀವೇ ಕೊಂದು ಹಾಕೀರಿ. ಈಗ ಅದು ಬೊಗಳಲಿಲ್ಲ, ಕಳ್ಳ ಬಂದೇ ಇಲ್ಲ ಅಂತೀರೇನ್ರಿ?”

ರಾಯರ ಮುಖ ಬಿಗಿಯಿತು. “ಪಿಎಚ್‌ಡಿ ಮುಗಸೋದು ಅದನೋ ಇಲ್ಲೋ ನಿಂಗ? ಸುಮ್ನ ಫಿಲ್ಮಿನಾಗ ಕಂಡಷ್ಟು ಬರಿ.”

ಗೌಡರಿಗೆ ಮತ್ತೆ ಫೋನು ಮಾಡಿ ಎಂದಳು. ಅವರು ಮೊಬೈಲನ್ನು ಜೇಬಿಗೆ ಇಳಿಸಿದರು. ಮೌನೇಶ್ವರಿ ಹೊರಬಿದ್ದಳು. ಗೋಗಿಯ ಶೇಖಮ್ಮನಿಗೆ ಫೋನು ಹಚ್ಚಿದರೆ ಸ್ವಿಚ್ ಆಫ್. ಯಾದಗಿರಿಯಿಂದ ಶಹಾಪುರಕ್ಕೆ ಬಸ್ಸು ಸಿಕ್ಕಿತು. ಮುಂದೆ ಗೋಗಿಯ ಆಟೋ ಸೀಟು ತುಂಬುವತನಕ ಅಲ್ಲಾಡಲಿಲ್ಲ. ಹಲ್ಲು ಕಚ್ಚಿಕೊಂಡು ಕೂತಳು.

ಶೇಖಮ್ಮ ಜ್ವರದಿಂದ ಬಾಗಿಲಿಗೆ ಒರಗಿ ಕೂತಿದ್ದಳು. ಮೊದಲು ರಕ್ತ ಕೊಟ್ಟು ಉಳಿದವರನ್ನು ಒಪ್ಪಿಸಿದವಳೇ ಅವಳು. ಪರೀಕ್ಷೆಯೇ ಕೆಟ್ಟಿದೆ, ಆಗಿದೆಯೋ ಇಲ್ಲವೋ ಯಾರಿಗೂ ಗೊತ್ತಿಲ್ಲ ಎಂದು ಮೌನೇಶ್ವರಿ ಒಂದೇ ಉಸಿರಿಗೆ ಹೇಳಿದಳು. ಶೇಖಮ್ಮ ಬಾಗಿಲು ಹಿಡಿದು ನೆಟ್ಟಗೆ ಕೂತಳು.

“ಗೌಡ ಮನಿಮನಿಗೆ ಬಂದು ಎಲ್ಲಾರ್ನೂ ಕರಕೊಂಡು ಹೋದ. ನಾವು ರಕ್ತ ಕೊಟ್ಟಿದ್ದು ನಿಮ್ಮ ಸಾಹೇಬನ ಮುಖ ನೋಡಿ ಅಲ್ಲ ತಂಗಿ, ನಿನ್ನ ಮುಖ ನೋಡಿ.”

ನಿಮ್ಮ ಸೊಸೆ ಸೌಭಾಗ್ಯ ಎಲ್ಲಿ ಎಂದು ಮೌನೇಶ್ವರಿ ಕೇಳಿದಳು. ಶೇಖಮ್ಮ ಊರಾಚೆಯ ಹೊಲದ ಕಡೆ ಕೈ ತೋರಿಸಿದಳು.

ಮೌನೇಶ್ವರಿ ಓಡಿದಳು. ಹೊಲ ಕಾಣುವ ಮೊದಲೇ ಘಾಟು ಮೂಗಿಗೆ ಅಡರಿತು. ಎದೆಯೆತ್ತರದ ಹತ್ತಿ ಗಿಡಗಳ ನಡುವೆ, ಇಳಿಬಿಸಿಲಿನಲ್ಲಿ ಹೊಳೆಯುವ ಔಷಧದ ಮಂಜಿನೊಳಗೆ, ಸೌಭಾಗ್ಯ ಬೆನ್ನಿಗೆ ಪಂಪು ಹೊತ್ತು ಸಾಲು ಹಿಡಿದು ಬರುತ್ತಿದ್ದಳು. ನಿಲ್ಲಿಸೆಂದು ಕೂಗಿದ್ದು ಪಂಪಿನ ಸದ್ದಿಗೆ ಕೇಳಿಸಿತೋ ಇಲ್ಲವೋ, ಇವಳನ್ನು ಕಂಡು ಮುಖದ ತುಂಬ ನಕ್ಕಳು.

“ಏನೂ ಆಗಿಲ್ಲಂತಲ್ರಿ ಅಕ್ಕಾರ. ಮೂಗಿಗೆ ಬಟ್ಟಿ ಕಟ್ಟಿದ್ರ ಉಸರು ಹಿಡೀತಿತ್ತು. ಇವತ್ತ ಬಿಚ್ಚಿ ಒಗದೀನಿ.”